ಫ್ರೀಜರಿಗೆ ಅಂಜುತ್ತಿದ್ದ ಚಾಚಿ

೧೯೯೭ರಲ್ಲಿ, ಎಂಟನೇ ಇಯತ್ತೆಯ ನಡುವೆ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಹಮಾಲಿ ಮಾಡಿದೆ, ಗ್ಯಾರೇಜಿನಲ್ಲಿ ಗ್ರೀಸ್ ಒರೆಸಿದೆ, ಕಡೆಗೆ ಮೂರು ಗಾಲಿಯ ಸ್ವಂತದ್ದೊಂದು ಟಂಟಂ ಗಾಡಿ ಕೊಂಡು ಸಾಮಾನು ಸಾಗಿಸತೊಡಗಿದೆ. ಓದಿದವರು ಮಾಡುವ ತಪ್ಪುಗಳನ್ನು ದುಡಿಯುವವನು ಮಾಡುವುದಿಲ್ಲ ಎಂಬ ಸೊಕ್ಕು ನನಗಿತ್ತು. ಅದನ್ನು ಇಳಿಸಿದವರು ಘಟಪ್ರಭಾದಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಚಾಚಿ.

ಚಾಚಿಯನ್ನು ನೆನೆದರೆ ಮುಖಕ್ಕಿಂತ ಮೊದಲು ಅವರ ಕೈ ಕಣ್ಣಿಗೆ ಬರುತ್ತದೆ. ಉಗುರುಗಳನ್ನು ಮಾಂಸದ ತನಕ ಕತ್ತರಿಸಿರುತ್ತಿದ್ದರು. ಫ್ರೀಜರಿನ ಬರ್ಫದಲ್ಲಿ ಆಡಿ ಆಡಿ ಬೆರಳ ತುದಿ ಬೆಳ್ಳಗೆ ಸುಕ್ಕಾಗಿರುತ್ತಿತ್ತು. ಆ ಕೈಯನ್ನು ತಿರುಗಿಸಿ, ಮುಂಗೈಯನ್ನು ಫ್ರೀಜರಿನ ಒಳಗೋಡೆಗೆ ತಾಗಿಸಿ ನೋಡುತ್ತಿದ್ದರು, ಜ್ವರ ಬಂದ ಕೂಸಿನ ಹಣೆ ನೋಡಿದಂತೆ. ದಿನಕ್ಕೆ ಐದು ಹೊತ್ತು ನಮಾಜು, ಪ್ರತಿ ನಮಾಜಿನ ನಂತರ ಒಮ್ಮೆ ಫ್ರೀಜರು.

“ಏನ್ರಿ ಚಾಚಿ, ಇವತ್ತ ಜ್ವರಾ ಎಷ್ಟ ಐತ್ರಿ?” ಎಂದು ನಾನು ಕಾಡಿಸುತ್ತಿದ್ದೆ.

“ನಗು ನಗು. ಇದರ ಹೊಟ್ಟ್ಯಾಗ ಮಂದಿ ಮಕ್ಕಳ ಊಟ ಐತಿ,” ಎನ್ನುತ್ತಿದ್ದರು.

ಮೂವತ್ತು ವರ್ಷ ಅವರು ದವಾಖಾನೆಯೊಂದರ ಮಕ್ಕಳ ವಾರ್ಡಿನಲ್ಲಿ ಆಯಾ ಆಗಿದ್ದವರು. ವಾಂತಿ ಬಳಿದು, ಬೆಡ್‌ಶೀಟ್ ಬದಲಿಸಿ, ಕೆಲವೊಮ್ಮೆ ಬದಲಿಸುವ ಅಗತ್ಯವೇ ಉಳಿಯದ ಹಾಸಿಗೆ ಮಡಚಿ ಬಂದವರು. ಆ ಅಂಜಿಕೆ ಅವರ ಜೊತೆ ಮನೆಗೂ ಬಂದಿತ್ತು. “ಬಿಸಿದು ಕೊಲ್ಲೂದಿಲ್ಲೊ ಬೇಟಾ, ಬರ್ಫೂ ಕೊಲ್ಲೂದಿಲ್ಲ. ಎರಡರ ನಡಬರಕ ನಿಂತದ್ದು ಕೊಲ್ತೈತಿ,” ಎನ್ನುತ್ತಿದ್ದರು.

ಫ್ರೀಜರಿನ ಉಸಾಬರಿ ಶುರುವಾದದ್ದು ಅವರ ಮಗಳಿಂದ. ಮಗಳು ಮೂಡಲಗಿ ಕಡೆಯ ಶಾಲೆಯೊಂದರಲ್ಲಿ ಟೀಚರ್. ಬೆಳಿಗ್ಗೆ ಏಳರ ಬಸ್ಸಿಗೆ ಹೋದರೆ ಹೊತ್ತು ಮುಳುಗಿದ ಮೇಲೆ ಮನೆ. ಮಕ್ಕಳಿಗೆ ಬಿಸ್ಕೀಟು, ಕುರಕುರೆ, ಎರಡು ನಿಮಿಷದ ಶಾವಿಗೆ. ಮೊಮ್ಮಗನ ಹಲ್ಲು ಹುಳುಕಾದ ದಿನ ಚಾಚಿ ಗೋಕಾಕದ ಐಸ್‌ಕ್ರೀಮ್ ವ್ಯಾಪಾರಿಯಿಂದ ಹಳೆಯ ಡೀಪ್ ಫ್ರೀಜರು ತರಿಸಿದರು. ತಂದವನು ನಾನೇ. ರವಿವಾರ ಕೂತು ವಾರದ ಊಟ ತುಂಬಿದರು: ಮೊಳಕೆ ಬರಿಸಿ ಬೇಯಿಸಿದ ಮಡಕಿಕಾಳು, ಸೋಸಿ ಹೆಚ್ಚಿದ ಮೆಂತ್ಯಸೊಪ್ಪು, ಅರ್ಧ ಬೇಯಿಸಿದ ಚಪಾತಿ, ಪಾಲಕ್ ಹಾಕಿದ ಅನ್ನ, ಎಣ್ಣೆ ಕಡಿಮೆ, ಖಾರ ಕಡಿಮೆ. ಬೆಳಿಗ್ಗೆ ಡಬ್ಬಿ ತೆಗೆ, ಹಬೆ ಏಳುವಂತೆ ಕಾಯಿಸು, ತಿನ್ನು. ಮಗಳ ಗೆಳತಿಯರು ಕೇಳಿದರು. ಆಮೇಲೆ ನರ್ಸಮ್ಮಂದಿರು, ಬ್ಯಾಂಕಿನ ಹೆಣ್ಣುಮಕ್ಕಳು. ಡಬ್ಬಿ ಮುಟ್ಟಿಸುವ ಕೆಲಸ ನನ್ನ ಟಂಟಂಗೆ ಬಂತು.

ಚಾಚಿಗೆ ಓದು ಬರುತ್ತಿರಲಿಲ್ಲ. ಅವರಿದ್ದ ದವಾಖಾನೆಯಲ್ಲಿ ವಾರದ ಒಂದೊಂದು ದಿನ ಒಂದೊಂದು ಬಣ್ಣದ ಬೆಡ್‌ಶೀಟ್ ಹಾಸುತ್ತಿದ್ದರಂತೆ. ಅದೇ ಲೆಕ್ಕದಲ್ಲಿ, ಯಾವ ದಿನ ಕೊಡುವ ಡಬ್ಬಿ ಎಂದು ತಿಳಿಯಲು, ಡಬ್ಬಿಗೆ ಬಣ್ಣದ ದಾರ ಕಟ್ಟುತ್ತಿದ್ದರು. ಆದರೆ ಅವರ ಎಲ್ಲ ನಂಬಿಕೆ ಇದ್ದದ್ದು ಒಂದು ಬಾಟಲಿಯ ಮೇಲೆ. ಅರ್ಧ ನೀರು ತುಂಬಿದ ಬಾಟಲಿಯನ್ನು ಅಡ್ಡ ಮಲಗಿಸಿ ಬರ್ಫ ಮಾಡುವುದು, ಆಮೇಲೆ ಅದನ್ನು ಫ್ರೀಜರಿನ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸುವುದು. ಬರ್ಫ ಒಂದೇ ಮಗ್ಗುಲಿಗೆ ಅಂಟಿಕೊಂಡಿದ್ದರೆ ಎಲ್ಲ ಸರಿ. ತಳಕ್ಕೆ ಇಳಿದು ಗಟ್ಟಿಯಾಗಿದ್ದರೆ, ನಾವು ನೋಡದಾಗ ಒಳಗಿನದೆಲ್ಲ ಕರಗಿ ಮತ್ತೆ ಹೆಪ್ಪಾಗಿದೆ ಎಂದರ್ಥ. ಆಗ ಇಡೀ ಫ್ರೀಜರು ತಿಪ್ಪೆಗೆ. “ಮನಶ್ಯಾರು ಸುಳ್ಳ ಹೇಳ್ತಾರ. ನೀರ ಹೇಳೂದಿಲ್ಲ,” ಎನ್ನುತ್ತಿದ್ದರು.

ಒಂದು ಮಳೆಗಾಲ ಹುಕ್ಕೇರಿಯಲ್ಲಿದ್ದ ಅವರ ಅಕ್ಕನಿಗೆ ಮೈಯಲ್ಲಿ ಆರಾಮಿರಲಿಲ್ಲ. ಮಗಳು, ಮೊಮ್ಮಕ್ಕಳನ್ನೂ ಕರೆದುಕೊಂಡು ಅಲ್ಲಿಗೆ ಹೊರಟಾಗ ಚಾಚಿ ಕೀಲಿಕೈ ನನ್ನ ಕೈಗಿಟ್ಟರು.

“ಕರೆಂಟ್ ಹೋದ್ರ ಏನ್ ಮಾಡ್ತಿ?”

“ಡಬ್ಬಿ ಎಲ್ಲಾ ಬರ್ಫದ ಕಾರಖಾನಿಗೆ ಒಯ್ದ ಇಡ್ತೇನ್ರಿ.”

“ಮನಿ ಬಿಟ್ಟ ಎಲ್ಲೂ ಹೋಗಬ್ಯಾಡ.”

“ಇಲ್ರಿ ಚಾಚಿ. ನಾ ಏನ್ ಸಣ್ಣ ಹುಡುಗ ಏನ್ರಿ?”

ಮರುದಿನವೇ ಸಂಕೇಶ್ವರದ ಬಾಡಿಗೆ ಬಂತು, ಹೋದೆ. ಸಂಜೆಗೆ ವಾಪಸು ಎಂದುಕೊಂಡಿದ್ದೆ. ನೀರು ರಸ್ತೆಗೆ ಬಂದು ಎರಡು ದಿನ ಅಲ್ಲೇ ಸಿಕ್ಕಿಬಿದ್ದೆ. ಮೂರನೇ ದಿನ ಬೆಳಕು ಹರಿಯುವಾಗ ಬಂದು ನೋಡಿದರೆ ಫ್ರೀಜರು ಗುಂಯ್‌ಗುಡುತ್ತಿತ್ತು. ಡಬ್ಬಿಗಳು ಕಲ್ಲಿನಂತಿದ್ದವು. ಕರೆಂಟು ಹೋಗಿತ್ತೇ ಎಂದು ಓಣಿಯಲ್ಲಿ ಕೇಳಿದೆ. “ಹೋಗ್ತಿತ್ತು, ಬರ್ತಿತ್ತು” ಎಂದರು. ನನಗೆ ಬೇಕಾದ ಮಾತು ಅದೇ.

ಬಾಟಲಿಯಲ್ಲಿ ಬರ್ಫ ತಳಕ್ಕೆ ಇಳಿದಿತ್ತು.

ನಾನು ಅದನ್ನು ನೋಡಿದೆ. ನೋಡಿಲ್ಲ ಎಂದು ಇವತ್ತು ಬರೆದರೆ ಸುಳ್ಳಾಗುತ್ತದೆ. ಮಾತು ಕೊಟ್ಟು ತಪ್ಪಿದೆ ಎಂದು ಒಬ್ಬ ಹೆಂಗಸಿನ ಮುಂದೆ ಹೇಳಿಕೊಳ್ಳಲು ನನಗೆ ಆಗಲಿಲ್ಲ, ಅಷ್ಟೇ. ಕಲ್ಲಿನಂತೆ ಗಟ್ಟಿ ಇದೆ, ಏನಾಗುತ್ತದೆ ಎಂದುಕೊಂಡೆ. ಬಾಟಲಿಯನ್ನು ಕರಗಲಿ ಎಂದು ಹಿತ್ತಲ ಕಟ್ಟೆಯ ಮೇಲಿಟ್ಟು, ಹಳದಿ ದಾರದ ಒಂಬತ್ತು ಡಬ್ಬಿ ಏರಿಸಿಕೊಂಡು ಹೋಗಿ ಒಂಬತ್ತು ಮನೆಗೆ ಕೊಟ್ಟು ಬಂದೆ.

ವಾಪಸು ಬಂದಾಗ ಚಾಚಿ ಆ ಕಟ್ಟೆಯ ಮೇಲೆ ಕೂತಿದ್ದರು. ಬುರ್ಖಾ ಇನ್ನೂ ತೆಗೆದಿರಲಿಲ್ಲ. ತೊಡೆಯ ಮೇಲೆ ಬಾಟಲಿ. ತಳಕ್ಕೆ ಅಂಟಿ ಬೆರಳುದ್ದ ಬರ್ಫ ಇನ್ನೂ ಉಳಿದಿತ್ತು.

“ಎಷ್ಟ ಮನಿ?” ಎಂದರು. ಬೈಯಲಿಲ್ಲ.

“ಒಂಬತ್ತ್ ರಿ.”

ಅವರ ತುಟಿ ಬಿಳುಪೇರಿತ್ತು. “ಗಾಡಿ ಚಾಲೂ ಮಾಡ,” ಎಂದರು.

ದಾರಿಯಲ್ಲಿ ಫೋನು ಹಚ್ಚುತ್ತಲೇ ಹೋದೆವು. ನಾಲ್ಕು ಮನೆಯವರು ಎತ್ತಿದರು, ಡಬ್ಬಿ ಬಿಚ್ಚಿರಲಿಲ್ಲ. ಧುಪದಾಳದಲ್ಲಿ ಒಂದು ಡಬ್ಬಿ ಒಲೆಯ ಮೇಲಿತ್ತು. ಚಾಚಿ ಚಪ್ಪಲಿ ಬಿಡದೆ ಅಡುಗೆಮನೆಗೆ ನುಗ್ಗಿ ಪಾತ್ರೆ ಇಳಿಸಿದರು. ಗೋಕಾಕದಲ್ಲಿ ಒಬ್ಬ ಹುಡುಗಿ ಶಾಲೆಗೆ ಒಯ್ದಿದ್ದಳು. ಊಟದ ಗಂಟೆಗೆ ಹತ್ತು ನಿಮಿಷ ಮೊದಲು ತಲುಪಿದೆವು. ಇನ್ನೆರಡು ಸಿಕ್ಕವು. ಪ್ರತಿ ಡಬ್ಬಿ ಸಿಕ್ಕಾಗಲೂ ಚಾಚಿ ಬೆರಳು ಮಡಚುತ್ತಿದ್ದರು. ಎಂಟು ಆದವು.

ಒಂಬತ್ತನೆಯದು ಮೂಡಲಗಿಯದು. ಆ ಮನೆಯ ತಾಯಿಯೂ ಟೀಚರ್, ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು, ಫೋನು ಬಂದ್ ಆಗಿತ್ತು. ಮನೆ ಮುಟ್ಟಿದಾಗ ಬಾಗಿಲಲ್ಲೇ ಅಜ್ಜ ಸಿಕ್ಕರು, ಹೆಗಲ ಮೇಲೆ ನಾಲ್ಕು ವರ್ಷದ ಮೊಮ್ಮಗಳು. ಅವರ ಅಂಗಿಯೆಲ್ಲ ವಾಂತಿ.

“ಹತ್ತಕ್ಕ ಅನ್ನಾ ಉಣಸೇನ್ರಿ. ಚಲೋನ ಉಂಡಿತ್ತು. ಈಗ ನೀರೂ ನಿಂದ್ರವಲ್ದು.”

ಕೂಸಿನ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಆ ದಿನ ದವಾಖಾನೆಗೆ ಗಾಡಿ ಹೇಗೆ ಹೊಡೆದೆನೋ ನನಗೆ ನೆನಪಿಲ್ಲ. ಹಿಂದಿನಿಂದ ಚಾಚಿಯ ದನಿ ಮಾತ್ರ ನೆನಪಿದೆ: “ಕಣ್ಣ ಮುಚ್ಚಬ್ಯಾಡವಾ, ನನ್ನ ನೋಡ, ನನ್ನ ನೋಡ.”

ಡಾಕ್ಟರು ಏನು ತಿನ್ನಿಸಿದಿರಿ ಎಂದು ಕೇಳುವ ಮೊದಲೇ ಚಾಚಿ ಹೇಳಿದರು: “ಕರಗಿ ಮತ್ತ ಹೆಪ್ಪಾದ ಅನ್ನ ರಿ. ಹತ್ತಕ್ಕ ತಿಂದೈತಿ. ಎರಡ ದಿನಾ ಕರೆಂಟ್ ಸರಿ ಇರಲಿಲ್ಲ.” ಸಲಾಯಿನ್ ಹಚ್ಚಿದರು. ಅಷ್ಟರಲ್ಲಿ ತಾಯಿ ಓಡಿ ಬಂದಳು. ಕೈಯಲ್ಲಿ ಇನ್ನೂ ಸೀಮೆಸುಣ್ಣದ ಹುಡಿ.

“ಯಾರ ಕೊಟ್ಟದ್ದಿದು?”

ನಾನು ಹಿಂದೆ ಗೋಡೆಗೆ ಸರಿದೆ.

“ನನ್ನ ಡಬ್ಬಿ, ತಂಗಿ. ತಪ್ಪ ನಂದು,” ಎಂದರು ಚಾಚಿ. ಆ ತಾಯಿ ಅಂದದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಗೋಡೆಗೆ ಆನಿಕೊಂಡು ನಿಂತು ಸಲಾಯಿನ್ ಹನಿಯುವುದನ್ನು ನೋಡುತ್ತಿದ್ದೆ. ಈ ಹನಿ ನಿಂತರೆ ನನ್ನ ಜೀವನವೂ ನಿಂತಂತೆ ಎನ್ನಿಸಿತು. ನಾಲ್ಕೂವರೆಯ ಹೊತ್ತಿಗೆ ಕೂಸು ಕಣ್ಣು ತೆರೆದು ನೀರು ಬೇಡಿತು. ಚಮಚದಿಂದ ಕುಡಿಸಿದರು. ಈ ಸಲ ನೀರು ಹೊಟ್ಟೆಯಲ್ಲಿ ನಿಂತಿತು. ಆಗ ಚಾಚಿ ಅಲ್ಲೇ ನೆಲಕ್ಕೆ ಕೂತು ಅತ್ತರು.

ಬರುವಾಗ ಅಂದರು: “ಇವತ್ತ ಆ ತಾಯಿಗೆ ಇನ್ನೊಬ್ಬನ ಮ್ಯಾಲ ಸಿಟ್ಟ ಮಾಡೂ ತ್ರಾಣ ಇರಲಿಲ್ಲ. ಅದಕ್ಕ ನಾ ಅಂದೆ. ನಿನ್ನ ಮಾತ ನೀನ ಹೇಳಬೇಕು.”

ಹೇಳಲು ನನಗೆ ಮೂರು ದಿನ ಬೇಕಾದವು. ಹೋಗಿ ಹೇಳಿದೆ. ಆಕೆ ಪೂರ್ತಿ ಕೇಳಿ, ಬಾಗಿಲು ಹಾಕಿಕೊಂಡಳು.

ಚಾಚಿ ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ. ಹೊಸ ಕಟ್ಟಳೆ ಮಾಡಿದರು: ಬೆಳಿಗ್ಗೆ ಡಬ್ಬಿ ಹೊರಡುವ ಮೊದಲು ಅದೇ ದಾರದ ಒಂದು ಡಬ್ಬಿ ಕಾಯಿಸಿ ನಾವಿಬ್ಬರೂ ತಿನ್ನಬೇಕು, ಏನಾದರೂ ಆದರೆ ಮೊದಲು ನಮಗಾಗಲಿ. ಮೊದಲ ತುತ್ತು ಬಾಯಿಗಿಡುವ ಮುಂಚೆ ನಾನು ಪ್ರತಿದಿನ ಬಾಟಲಿಯನ್ನು ಇನ್ನೊಮ್ಮೆ ನೋಡಿ ಬರುತ್ತಿದ್ದೆ. “ಅಂಜಿಕಿ ಬರ್ತೈತ್ರಿ ಚಾಚಿ,” ಎಂದೆ ಒಮ್ಮೆ.

“ಬರ್ಲಿ. ಅದು ಹೋದ ದಿನಾ ಗಾಡಿ ಮಾರ,” ಎಂದರು.

ಮೂರು ವರ್ಷದ ಹಿಂದೆ ಚಳಿಗಾಲದಲ್ಲಿ ಚಾಚಿ ಎದೆನೋವಿನಿಂದ ತೀರಿಕೊಂಡರು. ಮಣ್ಣು ಕೊಟ್ಟು ಬಂದ ಮೇಲೆ ಮಗಳು ಫ್ರೀಜರಿನ ಕೀಲಿಕೈ ತಂದು ನನ್ನ ಮುಂದೆ ಹಿಡಿದಳು. “ಇದನ್ನ ಅಂಜೂ ಮನಶ್ಯಾನ ಕೈಯಾಗ ಕೊಡ ಅಂದಿದ್ರು ಅಮ್ಮಿ. ನಿಮ್ಮ ಹೆಸರ ಹೇಳಿದ್ರು.” ನನ್ನನ್ನು ಧೈರ್ಯಸ್ಥ ಎಂದು ಹೊಗಳಿದವರು ಬಹಳ ಮಂದಿ ಇದ್ದಾರೆ. ಅವರ್‍ಯಾರ ಮಾತೂ ನನ್ನನ್ನು ಹೀಗೆ ಎತ್ತಿ ನಿಲ್ಲಿಸಲಿಲ್ಲ.

ಈಗ ನನ್ನ ಹತ್ತಿರ ಇರುವುದು: ಫ್ರೀಜರು ಮೂರು. ಜನರೇಟರು ಒಂದು. ಟಂಟಂ ಎರಡು. ಅಡುಗೆಗೆ ಬರುವ ಹೆಣ್ಣುಮಕ್ಕಳು ಐವರು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಸೇರಿ ಡಬ್ಬಿ ಕೊಡುವ ಮನೆ ಅರವತ್ತೆರಡು. ಮೂಡಲಗಿಯಲ್ಲಿ ನಾನು ಕದ ತಟ್ಟದ ಮನೆ ಒಂದು.