ಶರಣಬಸಮ್ಮ ತೆರೆಸಿದ ಕಿಟಕಿ

ಕಾಶಿಯ ಜಂಗಮವಾಡಿಯ ಆ ಅಡಿಗೆಮನೆಗೆ ಹಗಲೆಂಬುದೇ ಗೊತ್ತಿರಲಿಲ್ಲ. ಮೂರು ಕಡೆ ಬೇರೆ ಮನೆಗಳ ಬೆನ್ನು, ಒಂದು ಕಡೆ ಬಾಗಿಲು. ನಡುಮಧ್ಯಾಹ್ನವೂ ಬಲ್ಬು ಹಾಕಿಕೊಂಡೇ ಸಾರಿಗೆ ಉಪ್ಪು ಬೆರೆಸಬೇಕು. ಕರೆಂಟು ಹೋದರೆ ಕೈಯಂದಾಜು. ಹೂವಿನಹಡಗಲಿಯ ಬಿಸಿಲಲ್ಲಿ ಬೆಳೆದ ಶರಣಬಸಮ್ಮ ಮದುವೆಯಾಗಿ ಬಂದು ಇಳಿದದ್ದು ಈ ಕತ್ತಲಿಗೆ. ಗಂಡ ಕೊಟ್ಟೂರಯ್ಯ ಮಠದ ಕಚೇರಿಯಲ್ಲಿ ಗುಮಾಸ್ತ. ಊರ ಕಡೆಯಿಂದ ಯಾತ್ರೆಗೆ ಬಂದ ಪರಿಚಯದವರಿಗೆಲ್ಲ ಇವರ ಮನೆಯಲ್ಲೇ ರೊಟ್ಟಿ. ಅವರು ಗಂಗೆಯಲ್ಲಿ ಮುಳುಗಿ, ವಿಶ್ವನಾಥ ಗಲ್ಲಿಯಲ್ಲಿ ಬಳೆ ಕೊಂಡು, ಹೊರಟುಹೋಗುತ್ತಿದ್ದರು. ಹಿಂದೆ ಉಳಿಯುತ್ತಿದ್ದದ್ದು ಎಂಜಲು ಪಾತ್ರೆ. ಹಿಂದಿ ಅವಳ ನಾಲಗೆಗೆ ಹತ್ತಿದ್ದು ಕಾಯಿಪಲ್ಯೆ ಕೊಳ್ಳುವಷ್ಟು ಮಾತ್ರ.

ಆ ಪಾತ್ರೆಗಳ ಮುಂದೆ ಕೂತಾಗಲೇ ಅವಳಿಗೆ ಮೊದಲ ಸಲ ಕೇಳಿಸಿದ್ದು. ತೊಳೆದ ತಂಬಿಗೆಯನ್ನು ಕಲ್ಲಿನ ಮೇಲೆ ಇಟ್ಟಳು: ಟಣ್. ಗೋಡೆಯ ಆಚೆಯಿಂದ ಇನ್ನೊಂದು: ಟಣ್. ಮತ್ತೆ ಇಟ್ಟು ನೋಡಿದಳು. ಸ್ವಲ್ಪ ತಡೆದು ಮತ್ತೆ ಬಂತು. ಅದು ಮಾರ್ದನಿಯಲ್ಲ. ಮಾರ್ದನಿ ಅಷ್ಟು ಯೋಚಿಸಿ ಬರುವುದಿಲ್ಲ.

ಆಚೆ ಯಾರದೋ ಮನೆಯ ಸೊಸೆ ಇದ್ದಾಳೆ, ತನ್ನ ಹಾಗೇ ಪಾತ್ರೆಯ ಮುಂದೆ ಕೂತಿದ್ದಾಳೆ ಎಂದುಕೊಂಡಳು. ಗೋಡೆಯಾಚೆಯ ಅವಳಿಗೆ ಗ್ವಾಡಿಯಾಕಿ ಎಂದು ಹೆಸರಿಟ್ಟಳು. ಗ್ವಾಡಿಯಾಕಿಯ ಸ್ವಭಾವ ಒಂದೇ ತೆರನಾಗಿರಲಿಲ್ಲ. ಕೆಲವು ವಾರ ಅವಳ ತಾಳ ನಿಧಾನ, ಗಂಡಸಿನ ಕೈಯಷ್ಟು ಭಾರ. ಆಮೇಲೆ ಒಂದಷ್ಟು ದಿನ ಏನೂ ಇಲ್ಲ. ‘ತವರಿಗೆ ಹೋಗ್ಯಾಳ’ ಎಂದು ಶರಣಬಸಮ್ಮ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ತಿರುಗಿ ಶುರುವಾದಾಗ ಸದ್ದು ಹಗುರ, ಅವಸರದ್ದು. ತವರಿನ ಗಾಳಿ ಹಾಗೆ ಮಾಡಿರಬೇಕು. ಕೈಗೆ ಬೂದಿ ಹಚ್ಚಿಕೊಂಡು ಇವಳು ಕನ್ನಡದಲ್ಲೇ ಗೋಡೆಗೆ ಎಲ್ಲ ಹೇಳುತ್ತಿದ್ದಳು. ಮೊಣಕಾಲು ನೋವು, ಮಗಳು ಶಿವಾನಿ ಜಗಳವನ್ನೂ ಹಿಂದಿಯಲ್ಲೇ ಆಡುವುದು, ಅವ್ವ ಸತ್ತಾಗ ಊರು ಮುಟ್ಟಲಾಗದೇ ಹೋದದ್ದು. ಕರ್ಫ್ಯೂ ಹಾಕಿದ ಚಳಿಗಾಲದಲ್ಲಿ, ಗಲ್ಲಿಯಲ್ಲಿ ಒಂದು ಸೈಕಲ್ ಗಂಟೆಯೂ ಇಲ್ಲದ ದಿನಗಳಲ್ಲಿ, ಅವಳಿಗೆ ಓಗೊಟ್ಟದ್ದು ಆ ಟಣ್ ಒಂದೇ.

ಕರ್ಫ್ಯೂ ಮುಗಿದ ಮೇಲೆ ಮೊಣಕಾಲು ಪೂರ್ತಿ ಹಟ ಹಿಡಿಯಿತು. ಕೊಟ್ಟೂರಯ್ಯ ನಿಂತು ತೊಳೆಯುವ ಸಿಂಕು ಹಾಕಿಸಿಕೊಟ್ಟ. ಮೊದಲ ದಿನ ಅದರ ಮುಂದೆ ನಿಂತು ತಂಬಿಗೆ ಇಟ್ಟಳು. ಇಷ್ಟು ವರ್ಷ ತಲೆಯ ಮೇಲಿಂದ ಬರುತ್ತಿದ್ದ ಸದ್ದು ಈಗ ಸರಿಯಾಗಿ ಮುಖಕ್ಕೆ ಮುಖ ಕೊಟ್ಟು ಬಂತು.

ಅಂದಿನಿಂದ ಅವಳಿಗೆ ಒಂದೇ ಆಸೆ. ಒಮ್ಮೆ ಆಕೆಯ ಮುಖ ನೋಡಬೇಕು.

“ಸಿಂಕಿನ ಮ್ಯಾಲೊಂದು ಕಿಡಕಿ ಬೇಕ್ರಿ,” ಎಂದಳು ಗಂಡನಿಗೆ.

“ಹಾಕ್ಸೋಣು. ಜಂತಿಗೆ ಹತ್ತಿ ಸಣ್ಣದೊಂದು ಗವಾಕ್ಷಿ. ಅಡಿಗಿ ಮ್ಯಾಲೆ ಹೊರಗಿನವರ ಕಣ್ಣು ಬೀಳಬಾರದು.”

“ಅಪ್ಪಾ, ಅದಕ್ಕ ಖಿಡಕಿ ಅಂತಾರೇನು? ಪಾರಿವಾಳದ ಗೂಡು!” ಶಿವಾನಿ ಪತ್ರಿಕೆಯಿಂದ ಕತ್ತರಿಸಿದ ಚಿತ್ರ ಹಿಡಿದು ಬಂದಳು. ಗಾಜಿನ ಬಾಗಿಲು, ಕೆಳಗೆ ಕಲ್ಲಿನ ಹಲಗೆ, ಅದರ ಮೇಲೆ ಬಾಟಲಿಯಲ್ಲಿ ಹಬ್ಬಿದ ಮನಿಪ್ಲಾಂಟು. “ಹಿಂಗ ಮಾಡ್ಸೋಣ. ಏಕದಮ್ ಮಸ್ತ್.”

ಗೋಡೆ ಒಡೆಯಲು ಬಂದ ಪ್ರಕಾಶ ಮಿಸ್ತ್ರಿ ಚಿತ್ರ ನೋಡಿ ನಕ್ಕ. “ಬಿಟಿಯಾ, ಈ ಚಿತ್ರದ ಊರಲ್ಲಿ ಕೋತಿ ಇಲ್ಲವೇನೋ. ಇಲ್ಲಿ ಗಿಡವನ್ನೂ ತಿಂದು ಬಾಟಲಿಯನ್ನೂ ಒಯ್ದಾವು. ಸರಳು ಹಾಕೋಣ, ಹತ್ತಿರ ಹತ್ತಿರ.”

ಶರಣಬಸಮ್ಮ ಯಾವುದಕ್ಕೂ ತಲೆಯಾಡಿಸಲಿಲ್ಲ. ಒದ್ದೆ ಬೆರಳಿನಿಂದ ಗೋಡೆಯ ಮೇಲೆ ತನ್ನ ಹುಬ್ಬಿನ ಮಟ್ಟಕ್ಕೊಂದು, ಗದ್ದದ ಮಟ್ಟಕ್ಕೊಂದು ಗೆರೆ ಎಳೆದಳು. “ಇಲ್ಲಿಂದ ಇಲ್ಲಿಗೆ.”

ಸುತ್ತಿಗೆ ಬೀಳತೊಡಗಿತು. ತೆಳುವಾದ ಹಳೆಯ ಇಟ್ಟಿಗೆಗಳು ಒಂದೊಂದೇ ಬಿಚ್ಚಿಕೊಂಡವು. ಆಚೆ ಬೆಕ್ಕಷ್ಟೇ ನುಸುಳಬಹುದಾದ ಸಂದು. ಮೇಲೆ ಎಲ್ಲೋ ದಾರದಷ್ಟು ಆಕಾಶ. ಸಂದಿಯ ಆ ಕಡೆ, ಸರಿಯಾಗಿ ಎದುರಿಗೆ, ಬಾಗಿಲಿಲ್ಲದ ಸರಳಿನ ಕಿಟಕಿ ಮೊದಲೇ ಇತ್ತು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬಗ್ಗಿ ನೋಡಿದಳು.

ಅಲ್ಲಿ ಸಿಂಕು ಇರಲಿಲ್ಲ. ಪಾತ್ರೆ ಇರಲಿಲ್ಲ. ಕಿಟಕಿಗೆ ಒತ್ತಿದ ಒಂದು ಮಂಚ, ಅದರ ಮೇಲೆ ಗೋಣು ಮುರಿದ ಹಾಗೆ ಒರಗಿದ ಒಬ್ಬ ಮುದುಕ. ಕಿಟಕಿಯ ಕಲ್ಲಿನ ಮೇಲೆ ಹಿತ್ತಾಳೆಯ ಲೋಟ, ಅದರ ಮೇಲೆ ಅವನ ಕೈ. ಧೂಳಿನ ನಡುವೆ ಮೂಡಿದ ಇವಳ ಮುಖವನ್ನು ಅವನು ಎವೆಯಿಕ್ಕದೆ ನೋಡಿದ. ಆಮೇಲೆ ಮುಖವನ್ನು ಅತ್ತ ತಿರುಗಿಸಿಕೊಂಡ.

ಆ ಮನೆಯ ಬಾಗಿಲು ಹಿಂದಿನ ಗಲ್ಲಿಗೆ. ಸುತ್ತಿ ಬರಬೇಕು. ಕೊನೆಯ ಇಟ್ಟಿಗೆ ತೆಗೆಯುವಷ್ಟರಲ್ಲಿ ಅಲ್ಲಿಂದ ಒಬ್ಬ ಹೆಂಗಸು ಏದುಸಿರು ಬಿಡುತ್ತ ಬಂದು ನಿಂತಳು. ಕೌಸಲ್ಯಾ ಎಂದು ಹೆಸರು, ಅಲ್ಲಿನವರನ್ನು ನೋಡಿಕೊಳ್ಳುವವಳು. ಅವಳ ಹಿಂದಿಯನ್ನು ಶಿವಾನಿ ತುಂಡು ತುಂಡಾಗಿ ಕನ್ನಡಕ್ಕೆ ತಂದಳು.

“ಇಲ್ಲಿ ಪಾತ್ರೆ ತೊಳೆಯೋರು ಯಾರು?”

“ನಮ್ಮವ್ವ.”

ಕೌಸಲ್ಯಾ ಶರಣಬಸಮ್ಮನ ಬೂದಿಗೈಗಳನ್ನು ನೋಡಿದಳು. “ಹಾಯ್ ದೀದಿ, ಎಂಥ ಕೆಲಸ ಮಾಡಿಬಿಟ್ಟಿರಿ! ನಮ್ಮದು ದೇಹ ಬಿಡೋಕೆ ಕಾಶಿಗೆ ಬಂದವರ ಮನೆ. ಕೊನೆ ಹತ್ತಿರವಾದವರನ್ನ ಆ ಕೋಣೆಗೆ ತರ್ತೀವಿ. ಗೋಡೆಯಲ್ಲಿ ಪಾತ್ರೆ ಸದ್ದು ಕೇಳ್ತದಲ್ಲ, ಅನ್ನಪೂರ್ಣಾ ಮೈಯಾ ಊರಿಗೆಲ್ಲ ಉಣಿಸಿ ಮುಸುರೆ ತೊಳೀತಿದಾಳೆ ಅಂತೀವಿ. ಆಕೆ ಕೊನೇ ಪಾತ್ರೆ ಬೋರಲು ಹಾಕಿದಾಗ ನೆಮ್ಮದಿಯಿಂದ ಹೋಗಬಹುದು, ಹಸಿದು ಹೋಗೋದಿಲ್ಲ. ಅದಕ್ಕೇ ಲೋಟ ಬಡಿದು ಕೇಳ್ತಾರೆ, ಇನ್ನೂ ಇದ್ದೀಯಾ ತಾಯಿ ಅಂತ.”

ಶಿವಾನಿ ಕನ್ನಡಕ್ಕೆ ತರುವುದನ್ನು ಅಲ್ಲಿಗೇ ನಿಲ್ಲಿಸಿದಳು. ಉಳಿದದ್ದು ಶರಣಬಸಮ್ಮನಿಗೆ ತಾನಾಗಿಯೇ ಅರ್ಥವಾಯಿತು. ಗ್ವಾಡಿಯಾಕಿ ತವರಿಗೆ ಹೋದ ದಿನಗಳೆಲ್ಲ ಒಂದೊಂದಾಗಿ ಅವಳ ಕಣ್ಣ ಮುಂದೆ ಬಂದು ನಿಂತವು. ಸದ್ದು ನಿಲ್ಲುವ ಹಿಂದಿನ ರಾತ್ರಿ ಅವಳು ಎಷ್ಟೋ ಸಲ ಬೇಗ ಕೆಲಸ ಮುಗಿಸಿ ಮಲಗಿದ್ದಳು.

“ಆ ಅಜ್ಜ ಏನಂದ?”

“ಅಳ್ತಿದಾನೆ. ಗೋಡೇಲಿ ಯಾರೋ ಒಬ್ಬ ಹೆಂಗಸು, ಅಷ್ಟೇ ಅಂದ.”

ಕಚೇರಿಯಿಂದ ಬಂದ ಕೊಟ್ಟೂರಯ್ಯ ತೂತನ್ನೂ ಅದರಾಚೆಯ ಮಂಚವನ್ನೂ ನೋಡಿ ಹಿಂದಕ್ಕೆ ಸರಿದ. “ಸಾಯೋರ ಎದುರಿಗೆ ಅಡಿಗಿ ಮಾಡ್ತೀಯೇನು? ಮುಚ್ಚಿಸು. ಇಟ್ಟಂಗಿ ಇಲ್ಲೇ ಅದಾವು.”

“ಮುಚ್ಚಿದ ಗ್ವಾಡ್ಯಾಗ ಸದ್ದು ಕೇಳಿದರ ಅಜ್ಜಗ ಇನ್ನ ನನ್ನ ಮಾರೀನ ಕಾಣತೈತ್ರಿ. ಸದ್ದು ಬ್ಯಾರೆ ದಾರೀಲೆ ಹೋಗಬೇಕು.”

“ಹಂಗಾದ್ರ ಏನ್ಮಾಡ್ತಿ?”

ಅವಳು ಮಿಸ್ತ್ರಿಯ ಕಡೆ ತಿರುಗಿದಳು. ಮಗಳ ಬಾಯಿಂದ ಕೇಳಿಸಿದಳು: ಸದ್ದು ದಾಟಬೇಕು, ಬೆಳಕೂ ಬರಬೇಕು, ಮುಖ ಮಾತ್ರ ಕಾಣಬಾರದು. ಆಗುತ್ತದೆಯೆ?

ಪ್ರಕಾಶ ಎರಡೂ ಅಂಗೈಗಳನ್ನು ಓರೆ ಮಾಡಿ ಒಂದರ ಮೇಲೊಂದು ಹಿಡಿದು ತೋರಿಸಿದ. ಚೌಕಟ್ಟಿನಲ್ಲಿ ಮರದ ಪಟ್ಟಿಗಳು, ಹೊರಗಿನ ಅಂಚು ಮೇಲಕ್ಕೆ. ಆಕಾಶದ ಬೆಳಕು ಜಾರಿ ಒಳಗೆ ಬೀಳುತ್ತದೆ, ಎದುರಿನ ಕಣ್ಣಿಗೆ ಬರೀ ಮರ. “ಆದರೆ ಮಳೆ ಒಳಗೆ ಬರ್ತದೆ, ಮಾತಾಜಿ.”

“ಸಿಂಕಿಗೇ ಬೀಳಲಿ ಬಿಡಪ್ಪ.”

“ಮತ್ತೆ ನಿಮಗೂ ಆ ಕಡೇದು ಏನೂ ಕಾಣೋದಿಲ್ಲ.”

ಅವಳು ಸಂದಿಯಾಚೆ ಇನ್ನೊಮ್ಮೆ ನೋಡಿದಳು. ಇಷ್ಟು ವರ್ಷದ ಗೆಳತಿಯ ಜಾಗದಲ್ಲಿ ಒಂದು ಬೆನ್ನಿತ್ತು, ಉಸಿರಿಗೆ ಏಳುತ್ತ ಇಳಿಯುತ್ತ.

“ಕಾಣೋದು ಬ್ಯಾಡ,” ಎಂದಳು.

ಕಿಟಕಿ ಕೂತಿತು. ಮೊದಲ ಬಾರಿಗೆ ಬಲ್ಬು ಹಾಕದೆ ಅವಳಿಗೆ ತನ್ನ ಕೈ ಕಂಡಿತು, ಪಟ್ಟೆ ಪಟ್ಟೆಯಾಗಿ. ಮರುದಿನ ಊಟದ ಹೊತ್ತಿಗೆ ಮುಂಚೆಯೇ ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ಸಿಂಕಿಗೆ ಹಾಕಿ ತೊಳೆಯತೊಡಗಿದಳು. ಬೇಕೆಂದೇ ಒಂದಕ್ಕೊಂದು ತಗುಲಿಸಿದಳು. ಆಚೆ ಏನೂ ಇಲ್ಲ. ಗುಂಡಿ ಪಾತ್ರೆಗಳು ಮುಗಿದವು, ತಂಬಿಗೆಗಳು ಮುಗಿದವು. ಒಂದು ತಾಟು ಉಳಿದಾಗ, ಪಟ್ಟಿಗಳ ನಡುವಿನಿಂದ ಬಂತು. ಬಹಳ ಮೆಲ್ಲಗೆ, ಉಗುರಿನಿಂದ ಬಡಿದಷ್ಟು.

ಅವಳು ತಾಟನ್ನು ನೀರಿಗೆ ಹಿಡಿದಳು. ತೊಳೆದಳು. ಬೋರಲು ಹಾಕಲು ಬಗ್ಗಿದವಳ ಕೈ ನಡುವೆಯೇ ನಿಂತಿತು. ಮತ್ತೆ ಬೂದಿ ಹಚ್ಚಿದಳು.

“ಊಟಕ್ಕ ನೀಡು,” ಕೊಟ್ಟೂರಯ್ಯ ಬಾಗಿಲಲ್ಲಿ ನಿಂತು ಕರೆದ.

“ಇನ್ನೂ ಭಾಂಡೆ ಅದಾವ್ರಿ.”

ಅವನು ಸಾಲಾಗಿ ಬೋರಲು ಬಿದ್ದ ಪಾತ್ರೆಗಳನ್ನು ನೋಡಿದ, ಹೆಂಡತಿಯ ಕೈಯಲ್ಲಿ ಹೊಳೆಯುತ್ತಿದ್ದ ತಾಟನ್ನು ನೋಡಿದ. ಹೋಗಿ ತನ್ನಷ್ಟಕ್ಕೆ ಮಣೆ ಹಾಕಿಕೊಂಡು ಕೂತ.

ಆಚೆ ಟಣ್. ಈಚೆ ತಾಟು. ನಲ್ಲಿಯ ನೀರು ಸಣ್ಣಗಾಗಿ, ಹನಿಯಾಗಿ, ನಿಂತುಹೋಯಿತು. ಶರಣಬಸಮ್ಮ ಒಣ ತಾಟನ್ನೇ ಉಜ್ಜುತ್ತಿದ್ದಳು.