ಕೀಳಬಾರದ ಹೂವಿನ ಕಟ್ಟು

ಕೊಡಗು ಮೈಸೂರಿಗೆ ಸೇರುವ ಮೊದಲು ತನ್ನಷ್ಟಕ್ಕೆ ಒಂದು ಪುಟ್ಟ ರಾಜ್ಯವಾಗಿದ್ದ ವರ್ಷಗಳು ಅವು. ನಮ್ಮದು ಹಾಸನದ ಕಡೆಯಿಂದ ಹೊಳೆ ದಾಟಿ ಕುಶಾಲನಗರದ ಹತ್ತಿರ ನೆಲೆಸಿದ ಮನೆತನ. ಅಪ್ಪ ತೀರಿಕೊಂಡ ಮೇಲೆ ತಲೆಯ ಮೇಲೆ ತರಕಾರಿ ಹೊತ್ತು ಸುಂಟಿಕೊಪ್ಪದ ಸಂತೆಯಲ್ಲಿ ಕೂತವನು ನಾನು. ನಾಲ್ಕು ವರ್ಷದೊಳಗೆ ಅಲ್ಲೇ, ಬಸ್ಸು ನಿಲ್ಲುವ ಜಾಗದ ಎದುರು, ತರಕಾರಿ, ಬುಟ್ಟಿ, ಚಾಪೆಯ ಅಂಗಡಿ ಇಟ್ಟೆ. ಅಂಗಡಿಯ ಹಿಂದೆ ಎರಡು ಕೋಣೆಯಲ್ಲಿ ಅವ್ವ, ತಂಗಿ, ನಾನು. ವ್ಯಾಪಾರ ಕಲಿಸಿದ ಮೊದಲ ಪಾಠವನ್ನು ಓದುವವರಿಗೂ ಹೇಳಿಬಿಡುತ್ತೇನೆ: ಕೇಳದೆ ಬಂದದ್ದನ್ನು ತಿರುವಿ ಅದರ ತಳ ನೋಡಿ. ಬದನೆಕಾಯಿಗೂ ಅದೇ ಮಾತು, ಉಡುಗೊರೆಗೂ ಅದೇ.

ತಂಗಿಗೆ ಸಂಬಂಧವೊಂದು ಕೂಡಿಬಂದಿತ್ತು. ಹುಡುಗ ಆರು ಮೈಲಿ ದೂರದ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಬೆಳಿಗ್ಗೆ ಕೆಲಸ ಹಂಚುವುದು ಅವನ ಪಾಲಿನದು. ನಮ್ಮ ಕಡೆಯವರೇ. ತಾಯಿ, ಮಗ, ಚಿಕ್ಕಪ್ಪ ಬಂದು ನೋಡಿಕೊಂಡು ಹೋಗಿದ್ದರು, ಶುಕ್ರವಾರ ತಾಂಬೂಲ ಬದಲಾಯಿಸುವುದೆಂದು ಮಾತಾಗಿತ್ತು. ಹಿಂದಿನ ವರ್ಷ ಹೀಗೆಯೇ ತಾಂಬೂಲದವರೆಗೆ ಬಂದ ಒಂದು ಸಂಬಂಧ ಕೊನೆಯ ಗಳಿಗೆಯಲ್ಲಿ ಮುರಿದಿತ್ತು. ಗಂಡಿಗೆ ಇದ್ದ ಚಟ ನಮಗೆ ತಡವಾಗಿ ತಿಳಿದದ್ದು ಕಾರಣ, ಆದರೆ ಊರ ಬಾಯಿಗೆ ಬಿದ್ದದ್ದು ನನ್ನ ತಂಗಿ. ಎರಡನೆಯದೂ ಮುರಿದರೆ ಆಕೆಯನ್ನು ಕೇಳಿಕೊಂಡು ಬರುವವರೇ ಇರುವುದಿಲ್ಲ ಎಂದು ಅವ್ವ ದಿನಕ್ಕೊಮ್ಮೆ ಹೇಳುತ್ತಿದ್ದಳು. ಕಣ್ಣು ಮುಚ್ಚಿ ಒಪ್ಪಿಕೊಂಡು ಆಮೇಲೆ ಅಳುವುದು ಅದಕ್ಕಿಂತ ಕೆಟ್ಟದ್ದು ಎಂಬುದು ನನ್ನ ಲೆಕ್ಕ.

ಮಂಗಳವಾರ ಮಧ್ಯಾಹ್ನ ಆ ಎಸ್ಟೇಟಿನ ಗಾಡಿಯವನು ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಒಂದು ಹೂವಿನ ಕಟ್ಟು ಕೊಟ್ಟು ಹೋದ. ರೈಟರು ಮನೆಗೆ ಕೊಡಲು ಹೇಳಿದ್ದಾರಂತೆ, ಅಷ್ಟೇ. ಕಟ್ಟು ಎಂದರೆ ದಾರದಲ್ಲಿ ಪೋಣಿಸಿದ ಮುಡಿಯುವ ಹೂವಲ್ಲ. ತೋಟದ ಬಿಳಿ ದೊರೆಗಳ ಬಂಗಲೆಯಲ್ಲಿ ಮೇಜಿನ ಮೇಲಿಡುತ್ತಾರಲ್ಲ, ಹಾಗೆ ಕಡ್ಡಿಸಮೇತ ಒಟ್ಟುಮಾಡಿ ಬಾಳೆನಾರಿನಿಂದ ಬಿಗಿದದ್ದು. ಒಳಗೆ ಒಂದು ಹಳದಿ ಗುಲಾಬಿ, ಹಾಲುವಾಣ ಮರದ ಎರಡು ಕೆಂಪು ಗೊಂಚಲು, ಸುತ್ತ ತುಂಬ ಬೆಳ್ಳಗೆ ಬಿರಿದ ಕಾಫಿ ಹೂವಿನ ಕೊನೆಗಳು, ಗೇಣುದ್ದದ ರೆಂಬೆತುದಿಗಳು.

ಕಾಫಿ ಹೂ ಕಂಡದ್ದೇ ನನ್ನ ಕೈ ಹಿಂದೆ ಸರಿಯಿತು. ಕೊಡಗಿನಲ್ಲಿ ಹುಟ್ಟಿದ ಮಗುವಿಗೂ ಗೊತ್ತು, ಆ ಹೂವನ್ನು ಯಾರೂ ಕೀಳುವುದಿಲ್ಲ. ಮೊಗ್ಗು ಅರಳಿಸುವ ಬೇಸಿಗೆಯ ಹೂಮಳೆ ಬಿದ್ದು ಒಂಬತ್ತನೆಯ ದಿನಕ್ಕೆ ತೋಟ ಬಿಳಿಯಾದರೆ ಆಳುಗಳನ್ನು ಆ ಸಾಲುಗಳೊಳಗೆ ಬಿಡುವುದೂ ಇಲ್ಲ, ಮೈ ತಾಗಿ ಹೂ ಉದುರೀತೆಂದು. ಒಂದು ಹೂ ಎಂದರೆ ಒಂದು ಹಣ್ಣು. ದೇವರಿಗೂ ಏರಿಸದ ಹೂವನ್ನು ಇನ್ನೊಬ್ಬರ ತೋಟದ ರೈಟರು ಕಟ್ಟುಗಟ್ಟಲೆ ಕೊಯ್ದು ಹೆಣ್ಣಿನ ಮನೆಗೆ ಕಳಿಸಿದ್ದಾನೆ. ಅವನಿಗೆ ಯಜಮಾನನ ಮಾಲು ಎಂದರೆ ಲೆಕ್ಕಕ್ಕಿಲ್ಲ, ಇಲ್ಲವೇ ಅವನ ಕೆಲಸ ಆಗಲೇ ಹೋಗಿದೆ, ಇನ್ನು ಹೆದರುವುದಕ್ಕೆ ಏನೂ ಉಳಿದಿಲ್ಲ. ಎರಡರಲ್ಲಿ ಯಾವುದಾದರೂ ಶುಕ್ರವಾರದ ತಾಂಬೂಲ ನಿಂತಂತೆಯೇ.

ಸಂಜೆ ಪಕ್ಕದ ಬೇರೊಂದು ಎಸ್ಟೇಟಿನ ಬಂಗಲೆಯ ಬಟ್ಲರ್ ತರಕಾರಿಗೆ ಬಂದ. ಮಲಯಾಳದವನು, ಮೂವತ್ತು ವರ್ಷ ದೊರೆಸಾನಿಯರ ಕೈಕೆಳಗೆ ಪಳಗಿದವನು. ಯಾರು ಕಳಿಸಿದ್ದೆಂದು ಹೇಳದೆ ಕಟ್ಟನ್ನು ಮುಂದಿಟ್ಟು, ಇಂಥದ್ದಕ್ಕೆ ನಿಮ್ಮ ಬಂಗಲೆಯಲ್ಲಿ ಏನರ್ಥ ಎಂದು ಕೇಳಿದೆ. ಅವನು ಕನ್ನಡಕ ಹಾಕಿಕೊಂಡು ವೈದ್ಯನ ಹಾಗೆ ನೋಡಿದ. ದೊರೆಸಾನಿಯ ಹತ್ತಿರ ಅದಕ್ಕೆಂದೇ ಒಂದು ಪುಸ್ತಕ ಇದೆಯಂತೆ. ಕೆಂಪು ಗುಲಾಬಿ ಎಂದರೆ ಪ್ರೀತಿ. ಬಿಳಿಯದು ಎಂದರೆ ಮನಸ್ಸು ಶುದ್ಧ. ವಸಂತದ ಮೊದಲ ಹೂಗಳನ್ನು ಕೊಟ್ಟರೆ ಹೊಸದಾಗಿ ಬದುಕು ಶುರು ಮಾಡೋಣ ಎಂದಂತೆ. ಹಳದಿ ಗುಲಾಬಿಗೆ ಬಂದಾಗ ತಲೆಯಾಡಿಸಿದ. ಅದು ಹೊಟ್ಟೆಕಿಚ್ಚು, ಇಲ್ಲವೇ ಇಳಿದುಹೋದ ಪ್ರೀತಿ. ಹಾಲುವಾಣ ಆ ಪುಸ್ತಕದಲ್ಲಿಲ್ಲ.

“ಕಾಫಿ ಹೂ?” ಎಂದೆ.

“ಅದೂ ಇಲ್ಲ ಸಾವ್ಕಾರ್ರೇ. ಅದರ ಅರ್ಥ ದೊರೆ ಬಾಯಲ್ಲೇ ಉಂಟು. ಕಿತ್ತವನಿಗೆ ಸಾಯಂಕಾಲ ಚೀಟಿ ಕೊಡ್ತಾರೆ, ಮನೆಗೆ ಹೋಗು ಅಂತ.”

ನಗುತ್ತಾ ಬೀನ್ಸು ಆರಿಸಿಕೊಂಡು ಹೋದ. ನನಗೆ ನಗು ಬರಲಿಲ್ಲ. ಕಟ್ಟನ್ನು ಅವ್ವನ ಕಣ್ಣಿಗೆ ಬೀಳದಂತೆ ಖಾಲಿ ಬುಟ್ಟಿಗಳ ಹಿಂದಿಟ್ಟೆ. ಒಂದು ಕಾಫಿ ಕೊನೆಯನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡೆ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ, ಇಳಿದು, ಎಸ್ಟೇಟಿನ ದಾರಿ ಹಿಡಿದೆ. ಹೆಗಲ ಮೇಲೆ ನಾಲ್ಕು ಬುಟ್ಟಿ. ವಿಚಾರಿಸಲು ಹೋಗುವವನು ಬರಿಗೈಯಲ್ಲಿ ಹೋಗಬಾರದು. ಮಾರುವವನ ಹತ್ತಿರ ಜನ ಹತ್ತು ಮಾತು ಹೆಚ್ಚಾಗಿಯೇ ಆಡುತ್ತಾರೆ. ಆಳುಗಳ ಲೈನುಮನೆಗಳ ಹತ್ತಿರ ಸಿಕ್ಕ ತಮಿಳು ಮೇಸ್ತ್ರಿ ಬುಟ್ಟಿಯ ತಳ ತಟ್ಟಿ ನೋಡುತ್ತಿದ್ದಾಗ, ರೈಟರು ಇನ್ನೂ ಇದ್ದಾರೋ, ಬಿಟ್ಟು ಹೋದರೋ ಎಂದು ಗಾಳಿಗೆ ಬಿಟ್ಟ ಹಾಗೆ ಕೇಳಿದೆ. ಅವನು ನನ್ನ ಮುಖವನ್ನೊಮ್ಮೆ ನೋಡಿದ. ಹೋಗುವುದೆಲ್ಲಿಗೆ, ತೋಟದ ಮೇಲಿನ ತುಂಡಿನಲ್ಲಿ ಗಿಡಕ್ಕೆ ಗುರುತು ಹಾಕಿಸುತ್ತಿದ್ದಾರೆ ಎಂದ. ಆಮೇಲೆ ಬುಟ್ಟಿಯನ್ನು ಬೇಡವೆಂದು ಹಿಂದಕ್ಕೆ ಕೊಟ್ಟ. ಕೆಲಸ ಹೋಗಿಲ್ಲ ಎಂದಾಯಿತು. ಹಾಗಾದರೆ ಕಳ್ಳತನ ಎಂದುಕೊಂಡು ಮೇಲೆ ಹತ್ತಿದೆ.

ಗಾಡಿ ದಾರಿಯ ಬದಿಯಲ್ಲಿ ಕೆಲವು ಗಿಡಗಳಿಗೆ ಸುಣ್ಣದ ಪಟ್ಟೆ ಬಳಿದಿದ್ದರು. ಎಲೆ ಹಳದಿ, ಬುಡದ ತೊಗಟೆ ಉಬ್ಬಿ ಉಬ್ಬಿ ಎದ್ದಿತ್ತು. ನೆತ್ತಿಯ ರೆಂಬೆಗಳು ಮಾತ್ರ ಹೂವಿನಿಂದ ಬೆಳ್ಳಗಿದ್ದವು. ಮೂರನೆಯ ಗಿಡದಲ್ಲಿ ಕೊನೆಗಳನ್ನು ಚಾಕುವಿನಿಂದ ಓರೆಯಾಗಿ ಕೊಯ್ದ ಗುರುತು ಕಂಡಿತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಒದ್ದೆ ಬಟ್ಟೆಯ ಸುತ್ತು ಬಿಚ್ಚಿ ನಾನು ತಂದ ಕೊನೆಯನ್ನು ಒಂದೊಂದು ಗುರುತಿಗೂ ಹಿಡಿದೆ. ಒಂದಕ್ಕೆ ಕೂಡಲಿಲ್ಲ, ಎರಡನೆಯದಕ್ಕೂ ಇಲ್ಲ. ನಾಲ್ಕನೆಯದಕ್ಕೆ ಬಾಗಿಲಿಗೆ ಅಗುಳಿ ಕೂತ ಹಾಗೆ ಕೂತಿತು.

“ಅದೇ ಗಿಡ ಭಾವ,” ಎಂದು ಹಿಂದಿನಿಂದ ಕೇಳಿತು. ಹುಡುಗ ಸುಣ್ಣದ ಡಬ್ಬಿ ಹಿಡಿದು ನಿಂತಿದ್ದ.

“ತಾಂಬೂಲ ಆಗೋವರೆಗೂ ಭಾವ ಅನ್ಬೇಡ. ಯಾರನ್ನ ಕೇಳಿ ಕೊಯ್ದೆ?”

ಅವನು ಕುಕ್ಕರಗಾಲಲ್ಲಿ ಕೂತು, ಬುಡದ ಉಬ್ಬಿದ ತೊಗಟೆಯನ್ನು ಚಾಕುವಿನಿಂದ ಎಬ್ಬಿಸಿ ತೋರಿಸಿದ. ಒಳಗೆ ಪುಡಿ ತುಂಬಿದ ಓಣಿ, ಓಣಿಯಲ್ಲಿ ಬಿಳಿ ಹುಳ. ಕಾಂಡ ಕೊರೆಯುವ ಈ ಹುಳ ಬಿದ್ದ ಗಿಡ ಬದುಕುವುದಿಲ್ಲ, ಅದು ರೆಕ್ಕೆ ಬಂದು ಹಾರುವ ಮೊದಲೇ ಗಿಡವನ್ನು ಕಿತ್ತು ಸುಡಬೇಕು ಎಂದು ವಿವರಿಸಿದ. ಸುಣ್ಣದ ಪಟ್ಟೆ ಬಿದ್ದದ್ದಷ್ಟೂ ಮುಂದಿನ ವಾರ ಬೆಂಕಿಗೆ. ಅದಕ್ಕೆ ಹೂ ಬಿಟ್ಟರೂ ಹಣ್ಣಿಲ್ಲ. ದೊರೆಯನ್ನೂ ಕೇಳಿಯೇ ಕೊಯ್ದದ್ದಂತೆ.

ಸರಿ, ಕೊಯ್ದದ್ದಾಯಿತು, ಕಳಿಸಿದ್ದೇಕೆ? ಅದಕ್ಕೆ ಅವನ ಮುಖ ಕೆಂಪಾಯಿತು. ಹೆಣ್ಣು ನೋಡಲು ಬಂದ ದಿನ ಅವನ ತಾಯಿ ನನ್ನ ತಂಗಿಯನ್ನು ಮಾತಾಡಿಸಿದ್ದರಂತೆ. ಎಂಟು ವರ್ಷದಿಂದ ಇಲ್ಲಿದ್ದೇನೆ, ದಾರಿಯುದ್ದಕ್ಕೂ ಪರಿಮಳ ಬರುತ್ತದೆ, ಆದರೆ ಕಾಫಿ ಹೂವನ್ನು ಒಮ್ಮೆಯೂ ಕೈಯಲ್ಲಿ ಹಿಡಿದು ನೋಡಿಲ್ಲ, ಯಾರೂ ಮುಟ್ಟಲು ಬಿಡುವುದಿಲ್ಲ ಎಂದು ಆಕೆ ಹೇಳಿದ್ದಳಂತೆ.

“ನೀವೂ ಅಲ್ಲೇ ಕೂತಿದ್ರಲ್ಲ,” ಎಂದ.

ಕೂತಿದ್ದೆ. ಊಟಕ್ಕೆ ಎಷ್ಟು ಜನ ಬರುತ್ತಾರೆ, ಬಸ್ಸಿನ ಖರ್ಚು ಯಾರದು ಎಂದು ಅವನ ಚಿಕ್ಕಪ್ಪನ ಜೊತೆ ಜಗ್ಗಾಡುತ್ತಿದ್ದೆ. ಎದುರಿನವನ ಒಂದೊಂದು ಮಾತನ್ನೂ ತೂಗಿ ನೋಡುವವನು ನಾನು, ನಮ್ಮ ಹುಡುಗಿಯ ಮಾತೇ ಕಿವಿಗೆ ಬಿದ್ದಿರಲಿಲ್ಲ. ಆದರೂ ಬಿಡಲಿಲ್ಲ. ಹಳದಿ ಗುಲಾಬಿ ಏಕೆ ಎಂದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ತಮ್ಮ ದೊರೆಯ ಬಂಗಲೆಯ ಮಾಲಿ ಕೊಟ್ಟದ್ದು ಅದೊಂದೇ, ಕೆಂಪು ಬಣ್ಣದ್ದೆಲ್ಲ ದೊರೆಸಾನಿಯ ಮೇಜಿಗೆ ಹೋಗುತ್ತದೆ ಎಂದ. ಪುಸ್ತಕದ ಅರ್ಥ ಅಲ್ಲಿಗೆ ಮುಗಿಯಿತು. ಹೂವಿನ ಅರ್ಥ ಬೇಕಾದರೆ ಹೂವನ್ನಲ್ಲ, ಅದು ಬಂದ ಗಿಡವನ್ನು ನೋಡಬೇಕು. ಈ ಬುದ್ಧಿಯನ್ನು ಯಾರಿಗಾದರೂ ಪುಕ್ಕಟೆ ಕೊಡುತ್ತೇನೆ.

ಹಿಂದಿರುಗುವಾಗ ನನ್ನ ಮನಸ್ಸು ಹಗುರವಾಗಿತ್ತು. ಬೆಂಕಿಗೆ ಹೋಗುವುದನ್ನು ಉಪಯೋಗಕ್ಕೆ ತಂದವನು, ಯಜಮಾನನನ್ನು ಕೇಳಿ ಕೊಯ್ದವನು. ನನ್ನ ತಕ್ಕಡಿಗೆ ಇದಕ್ಕಿಂತ ಒಳ್ಳೆಯ ಗಂಡು ಬೇಕಿರಲಿಲ್ಲ. ಆದರೆ ಮನೆ ಹೊಕ್ಕಾಗ ಬುಟ್ಟಿಗಳ ಹಿಂದೆ ಕಟ್ಟು ಇರಲಿಲ್ಲ. ಒಳಗೆ ತಂಗಿ ಅದನ್ನು ಹಿತ್ತಾಳೆ ಚೊಂಬಿನ ನೀರಿಗೆ ಹಾಕಿ, ಕಿಟಕಿಯ ಬಳಿ ಇಟ್ಟು, ಎದುರು ಕೂತಿದ್ದಳು. ಪರಿಮಳ ಕೋಣೆ ತುಂಬಿತ್ತು. ಬಟ್ಲರನ ಮಾತನ್ನೂ ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದಳಂತೆ.

ನಾನು ಗೆದ್ದವನ ಉತ್ಸಾಹದಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ, ಹುಳದ ಸಮೇತ. ಹೇಳಿ ಮುಗಿಸಿದ ಮೇಲೆ ತಪ್ಪು ತಿಳಿಯಿತು. ಅವ್ವ ಬಾಗಿಲಲ್ಲೇ ನಿಂತು ಹಣೆ ಚಚ್ಚಿಕೊಂಡಳು. ಮದುವೆಯಾಗುವ ಹೆಣ್ಣಿಗೆ ಸುಡುವ ಗಿಡದ ಹೂವೇ, ಇದಕ್ಕಿಂತ ಅಪಶಕುನ ಉಂಟೇ, ಈಗಲೇ ಹೇಳಿ ಕಳಿಸು, ಶುಕ್ರವಾರ ಯಾರೂ ಬರುವುದು ಬೇಡ. ತಂಗಿ ಒಂದು ಕೊನೆಯನ್ನು ತೆಗೆದು ಕೊಯ್ದ ತುದಿಯನ್ನು ತಿರುವಿ ನೋಡಿದಳು, ಥೇಟ್ ನಾನು ನೋಡುವ ಹಾಗೆ.

“ಹುಳದ ವಿಷಯ ನೀನು ಕಂಡುಹಿಡಿದದ್ದಾ ಅಣ್ಣ, ಅವರೇ ತೋರಿಸಿದ್ದಾ?”

“ನಾನು ಗುರುತು ಕಂಡುಹಿಡಿದೆ. ಹುಳ ಅವನೇ ತೋರಿಸ್ದ.”

“ಮುಚ್ಚಿಡಬಹುದಿತ್ತು ತಾನೇ?”

“ಮುಚ್ಚಿಡಬಹುದಿತ್ತು. ನನಗೆಲ್ಲಿ ಗೊತ್ತು ಆ ತೊಗಟೆ ವಿಷಯ.”

“ಹಂಗಾದ್ರೆ ಬರಲಿ,” ಎಂದು ಕೊನೆಯನ್ನು ಮತ್ತೆ ನೀರಿಗೆ ಹಾಕಿದಳು. ಅವ್ವನ ಕಡೆ ತಿರುಗಿ, “ಹೋದ್ಸಲದವರು ಮಲ್ಲಿಗೆ ದಿಂಡನ್ನೇ ತಂದಿದ್ರಲ್ಲವ್ವ,” ಎಂದಳು. ಅವ್ವ ಒಲೆಯ ಕಡೆ ಹೋದಳು.

ಶುಕ್ರವಾರ ಬಂದರು. ಕಾಫಿ ಹೂ ಅಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಅದರ ಆಯುಷ್ಯವೇ ಮೂರು ದಿನ. ಅತ್ತೆಯಾಗುವವರು ತಟ್ಟೆಯಲ್ಲಿ ಅರಿಶಿನ, ಕುಂಕುಮದ ಜೊತೆ ತಂದ ಮಲ್ಲಿಗೆಯನ್ನು ಮುಡಿಸಿಕೊಳ್ಳುವ ಮೊದಲು ತಂಗಿ ಚೊಂಬನ್ನು ಹಿತ್ತಲಿಗೆ ಒಯ್ದು, ಕೊನೆಗಳನ್ನು ತಾನೇ ಅಲ್ಲಿನ ನೀರೊಲೆಗೆ ಹಾಕಿ ಬಂದಳು. ಹುಳ ಬಿದ್ದ ಗಿಡದ್ದನ್ನು ಸುಡಬೇಕು, ಎಸೆಯಬಾರದು ಎಂದು ನಾನು ಹೇಳಿದ್ದೆನಲ್ಲ. ಆಮೇಲೆ ಕೈ ತೊಳೆದು ಬಂದು ಕೂತಳು. ತಾಂಬೂಲದ ತಟ್ಟೆ ನನ್ನ ಕೈಯಿಂದ ಹುಡುಗನ ಚಿಕ್ಕಪ್ಪನ ಕೈಗೆ ಹೋಯಿತು.

“ಈಗ ಭಾವ ಅನ್ನಬಹುದಾ?” ಎಂದು ಹುಡುಗ ಮೆಲ್ಲಗೆ ಕೇಳಿದ.

ಅನ್ನು ಎಂದೆ. ಅವರು ಕೊಟ್ಟ ತಟ್ಟೆಯ ವೀಳ್ಯದೆಲೆ ಎಣಿಸಿಕೊಂಡೇ ಅಂದೆ.