ಮಂಚ ಯಾವ ಕೌಂಟಿಯಲ್ಲಿದೆ

ವೆರ್ನಾ ಕ್ಲಿಂಗರ್‌ಳನ್ನು ಊಟಕ್ಕೆ ಕರೆಯಬೇಕೆಂದರೆ ನಮ್ಮ ಕೆಸ್ಲರ್ ಕೌಂಟಿಯ ಜನ ಎರಡು ಸಲ ಯೋಚಿಸುತ್ತಿದ್ದರು. ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಮನೆಯೆಲ್ಲ ಸುತ್ತುವ ಹೆಂಗಸು ಅವಳು. ಹೊಸ ಬಚ್ಚಲು ಕಂಡರೆ ನಿಲ್ಲುವಳು. ನೆಲಮಾಳಿಗೆಯ ಗೋಡೆಗೆ ಹಲಗೆ ಹೊಡೆಸಿದ್ದು ಯಾವಾಗ ಎಂದು ಕೇಳುವಳು. ಮುಂದಿನ ವರ್ಷ ಮನೆ ತೆರಿಗೆ ಏರಿತೆಂದರೆ ಆ ಮನೆಯವರಿಗೆ ಅಂದಿನ ಊಟ ನೆನಪಾಗುತ್ತಿತ್ತು.

ತೆರಿಗೆಗಾಗಿ ಮನೆಗಳ ಬೆಲೆ ಕಟ್ಟುವ ಕೌಂಟಿ ಕಚೇರಿಯಲ್ಲಿ ಅವಳ ಪಕ್ಕದ ಮೇಜಿನಲ್ಲಿ ನಾನು ಹತ್ತೊಂಬತ್ತು ವರ್ಷ ಕೂತಿದ್ದೇನೆ. ಕೂತಿದ್ದು ನಾನು, ಅವಳಲ್ಲ. ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳು. ಕಾಫಿ ಅರ್ಧ ಕುಡಿದು ಎದ್ದಳೆಂದರೆ ಉಳಿದರ್ಧ ತಣ್ಣಗಾಗಿ ಸಂಜೆಗೆ ನಾನೇ ಚೆಲ್ಲಬೇಕಿತ್ತು. ಹೊಸದಾಗಿ ಮನೆ ಕೊಳ್ಳುವವರು ಮಾತ್ರ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ವಿಳಾಸ ಹೇಳಿ ಮುಗಿಸುವಷ್ಟರಲ್ಲಿ ಅವಳ ಬಾಯಲ್ಲಿ ತೆರಿಗೆ ಅಂದಾಜು ಸಿದ್ಧ.

"ಒಂದೂವರೆ ಲಕ್ಷದ ಮನೆನಾ? ಲೈನ್ ರಸ್ತೆ ಈ ಕಡೆ ಆದ್ರೆ ನೂರಕ್ಕೆ ಒಂದು ಡಾಲರ್ ಅರವತ್ತು ಸೆಂಟ್. ಎರಡು ಸಾವಿರದ ನಾನೂರು. ಆ ಕಡೆ ಓರಿನ್ ಕೌಂಟಿ ಆದ್ರೆ ಮೂರು ಸಾವಿರದ ಒಂಬೈನೂರು."

"ರಸ್ತೆ ದಾಟಿದ್ದಕ್ಕೇ ಒಂದೂವರೆ ಸಾವಿರ ಜಾಸ್ತೀನಾ?" ಎಂದು ಅವರು ಬಾಯಿ ಬಿಡುತ್ತಿದ್ದರು.

"ಓರಿನ್‌ನಲ್ಲಿ ಕಾರ್ಖಾನೆ ಮುಚ್ಚೋಯ್ತು, ಶಾಲೆ ಮುಚ್ಚಲಿಲ್ಲ. ಮಕ್ಕಳ ಬಸ್ಸಿಗೆ ಡೀಸೆಲ್ ಯಾರ ಮನೆಯಿಂದ ಬರ್ಬೇಕು? ಮನೆಗಳಿಂದಾನೇ!" ಇಷ್ಟು ಹೇಳಿ, ನೆಲದ ಮೇಲೆ ಉರುಳಿಸಿ ಉದ್ದ ಅಳೆಯುವ ಅಳತೆ ಚಕ್ರ ತಳ್ಳಿಕೊಂಡು ಹೊರಟೇಬಿಡುತ್ತಿದ್ದಳು.

ತೊಡಕಿದ್ದದ್ದು ರಸ್ತೆ ಬಳಸಿ ಹೋಗುವಲ್ಲಿ ನೇರ ಗಡಿಯ ಮೇಲೆಯೇ ಕೂತ ಮನೆಗಳದು. ಅಂಥವು ಒಂಬತ್ತು ಇವೆ. ಅಡುಗೆಮನೆ ಒಂದು ಕೌಂಟಿ, ಮುಂಗೋಣೆ ಇನ್ನೊಂದು. ಹಿಂದೆ ಯಾವಾಗಲೋ ಎರಡು ಕೌಂಟಿಯ ಹಿರಿಯರು ಚರ್ಚಿನ ಊಟದಲ್ಲಿ ಪೀಚ್ ಕಡುಬು ತಿನ್ನುತ್ತ ಕೈ ಕುಲುಕಿ ಒಂದು ಒಪ್ಪಂದ ಮಾಡಿಕೊಂಡಿದ್ದರು. ಮನೆ ಯಾರ ಹೆಸರಿನಲ್ಲಿದೆಯೋ ಅವರು ಮಲಗುವ ಮಂಚ ಯಾವ ಕಡೆ ಇದೆಯೋ ಇಡೀ ಮನೆ ಆ ಕೌಂಟಿಗೆ ಸೇರಿದ್ದು. ಎಲ್ಲಿಯೂ ಬರೆದಿಟ್ಟದ್ದಲ್ಲ, ಆದರೂ ಇಂದಿಗೂ ನಡೆಯುತ್ತದೆ. ಈ ಒಂಬತ್ತು ಮನೆಗಳಲ್ಲಿ ಮಂಚ ಎಳೆದಾಡಿದಷ್ಟು ಇಡೀ ಇಲಿನಾಯ್ ರಾಜ್ಯದಲ್ಲಿ ಯಾರೂ ಎಳೆದಾಡಿರಲಿಕ್ಕಿಲ್ಲ.

ಹನ್ನೆರಡು ವರ್ಷದ ಹಿಂದೆ ಮರ್ಲ್ ಸ್ಟೌಟ್ ಎಂಬ ಜೋಳದ ರೈತ ಹೀಗೆಯೇ ನಮ್ಮ ಕಡೆಯ ಕೋಣೆಯಲ್ಲಿ ಒಂದು ಮಂಚ ಹಾಕಿ, ಮೇಲೆ ಒಳ್ಳೆಯ ಕೌದಿ ಹೊದಿಸಿ, ನಾನು ಕೆಸ್ಲರಿನವನು ಎಂದು ಅರ್ಜಿ ಹಾಕಿದ. ನೋಡಲು ಹೋದದ್ದು ವೆರ್ನಾ. ಕೌದಿಯಲ್ಲಿ ಒಂದು ಸುಕ್ಕಿಲ್ಲ. ಪಕ್ಕದ ಲೋಟದ ನೀರಿನ ಮೇಲೆ ಧೂಳು. ಅವನ ಚಪ್ಪಲಿ ಮಾತ್ರ ಓರಿನ್ ಕಡೆಯ ಕೋಣೆಯ ಮಂಚದ ಕೆಳಗೆ. "ಚಪ್ಪಲಿ ಇದ್ದಲ್ಲಿ ಮನುಷ್ಯ" ಎಂದು ಆ ಮನೆಯ ಅಳತೆ, ತೆರಿಗೆ ಬರೆದಿಡುವ ಕಾರ್ಡಿನಲ್ಲಿ ಬರೆದು ಬಂದಳು. ಮರ್ಲ್ ಓರಿನ್‌ಗೆ ಪೂರಾ ತೆರಿಗೆ ಕಟ್ಟಿದ. ಮೇವಿನ ಅಂಗಡಿಯಲ್ಲಿ ಅವಳಿಗೆ 'ಹಾಸಿಗೆ ಪೊಲೀಸು' ಎಂದು ಹೆಸರಿಟ್ಟದ್ದೂ ಅವನೇ. ಆಗ ನನಗೂ ಸಿಟ್ಟು ಬಂದಿತ್ತು. ಒಬ್ಬ ರೈತನ ಚಪ್ಪಲಿಯನ್ನು ಅಷ್ಟು ದಿಟ್ಟಿಸಿ ನೋಡಬೇಕಿತ್ತೇ?

ಆ ಒಂಬತ್ತರಲ್ಲಿ ಒಂದು ಮನೆ ವೆರ್ನಾಳದೇ. ತಾಯಿಯಿಂದ ಬಂದದ್ದು, ಅವಳ ಹೆಸರಿನಲ್ಲೇ ಇದೆ. ಅಡುಗೆಮನೆಯ ಹೊಸ್ತಿಲಲ್ಲಿ ಸರ್ವೆಯವರು ಹೊಡೆದ ಹಿತ್ತಾಳೆಯ ಮೊಳೆಯೇ ಗಡಿ. ಹಿಂದಿನ ಮಲಗುವ ಕೋಣೆ ನಮ್ಮಲ್ಲಿ, ಬೀದಿಗೆ ಮುಖ ಮಾಡಿದ ಮುಂಗೋಣೆ ಓರಿನ್‌ನಲ್ಲಿ. ಮೂವತ್ತನಾಲ್ಕು ವರ್ಷ ಅವಳೂ ಗಂಡ ಡ್ವೇನನೂ ಹಿಂದಿನ ಕೋಣೆಯಲ್ಲೇ ಮಲಗಿದ್ದರು, ಯಾರೂ ಏನೂ ಕೇಳಿರಲಿಲ್ಲ.

ಕಳೆದ ಫೆಬ್ರುವರಿಯಲ್ಲಿ ಡ್ವೇನನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಲಗಾಲು ಸತ್ತವು. ಮಾತು ನಾಲ್ಕೈದು ಉಳಿದವು. ಅವನ ಜೊತೆ ಆಸ್ಪತ್ರೆಯ ಮಂಚವೂ ಬಂತು. ಕಬ್ಬಿಣದ ಕಟಕಟೆಯ ಆ ಮಂಚ ಹಿಂದಿನ ಕೋಣೆಯ ಬಾಗಿಲಲ್ಲಿ ತೂರಲಿಲ್ಲ. ಬಾಗಿಲು ಅಗಲ ಮಾಡಿಸೋಣವೆಂದರೆ ಅದು ಮನೆಯನ್ನು ಹೊತ್ತು ನಿಂತ ಗೋಡೆ. ಮುಂಗೋಣೆಯಲ್ಲೇ ಹಾಕಿದರು. ಡ್ವೇನ್ ಓರಿನ್ ಕೌಂಟಿಗೆ ಹೋದ. ವೆರ್ನಾ ಹಿಂದೆ ಕೆಸ್ಲರಿನಲ್ಲಿ ಉಳಿದಳು.

ಏಕೆ ಉಳಿದಳೆಂದು ಕೇಳಿದರೆ, ಬರೀ ತೆರಿಗೆಯ ಮಾತಲ್ಲ. ನಮ್ಮ ಕಚೇರಿಯ ನೌಕರರು ನಮ್ಮ ಕೌಂಟಿಯಲ್ಲೇ ವಾಸವಿರಬೇಕು. ಅವಳ ಪೂರ್ತಿ ಪಿಂಚಣಿಗೆ ಇನ್ನು ಇಪ್ಪತ್ತೆರಡು ತಿಂಗಳು. ಯಜಮಾನಿಯ ಮಂಚ ಮೊಳೆ ದಾಟಿದರೆ ಕೆಲಸವೂ ದಾಟಿಹೋಗುತ್ತದೆ.

ಅವಳ ಚಡಪಡಿಕೆ ನೋಡಲಾಗುತ್ತಿರಲಿಲ್ಲ. ಕಾರ್ಡು ತೆಗೆಯುವಳು, ಇಡುವಳು. ಅದೇ ಡ್ರಾಯರನ್ನು ಮತ್ತೆ ಎಳೆಯುವಳು. ಕಿಟಕಿಗೆ ಹೋಗುವಳು, ಬರುವಳು. ಬಾಯಿಪಾಠದಂತಿದ್ದ ಅಂದಾಜು ಎರಡು ಸಲ ತಪ್ಪಿ ಹೇಳಿದಳು.

"ಅವ್ನು ನನ್ನ ನೈಟಿ ತೋಳು ಹಿಡ್ಕೊಂಡೇ ಮಲಗೋದು ಕಣೇ, ಮದುವೆ ಆದಾಗಿಂದ" ಎಂದಳು ಒಂದು ದಿನ, ನನ್ನ ಮುಖ ನೋಡದೆ. "ಈಗ ಎಡಗೈ ಒಂದೇ ಇರೋದು. ಅದು ಕಟಕಟೆ ಮೇಲೆ ತಡಕಾಡ್ತಿರತ್ತೆ. ನಾನು ಹೋಗ್ತೀನಿ, ಕೂರ್ತೀನಿ, ಎದ್ದು ಬರ್ತೀನಿ. ಮತ್ತೆ ಹೋಗ್ತೀನಿ."

"ಅಲ್ಲೇ ಮಲಗ್ಬಾರ್ದಾ? ಮಂಚ ಹಿಂದಿನ ಕೋಣೇಲೇ ಇದೆ ಅಂತ ಹೇಳಿದ್ರಾಯ್ತು. ಯಾರು ಬಂದು ನೋಡ್ತಾರೆ?"

"ನಾನೇ ನೋಡ್ತಿದ್ನಲ್ಲ" ಎಂದು ಎದ್ದು ಹೋದಳು.

ಏಪ್ರಿಲಿನಲ್ಲಿ ಮರ್ಲ್ ಸ್ಟೌಟ್ ಒಂದು ಪಾತ್ರೆ ಕೋಳಿ ನೂಡಲ್ಸ್ ಹಿಡಿದು ಡ್ವೇನನನ್ನು ನೋಡಲು ಬಂದ. ನಾನೂ ಅಲ್ಲೇ ಇದ್ದೆ. ಅವನು ಮುಂಗೋಣೆಯ ಮಂಚ ನೋಡಿದ, ಮೊಳೆ ನೋಡಿದ, ಹಿಂದಿನ ಕೋಣೆಯತ್ತ ಕತ್ತು ಚಾಚಿದ.

"ಏನ್ ಮೇಡಂ, ಗಂಡ ಒಂದು ಕೌಂಟಿ, ಹೆಂಡ್ತಿ ಒಂದು ಕೌಂಟಿ! ಗೊರಕೆಗೆ ತೆರಿಗೆ ಎಲ್ಲಿ ಕಟ್ತೀರಿ?"

ನನಗೆ ಮೈಯೆಲ್ಲ ಉರಿದುಹೋಯಿತು. ಹನ್ನೆರಡು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಕಾಯಿಲೆಯವನ ಮುಂದೆ ಕಕ್ಕುವುದೇ? ಡ್ವೇನ್ ಎಡಗೈ ಎತ್ತಿ ಕಟಕಟೆಯ ಆಚೆ ಗಾಳಿಯಲ್ಲಿ ಹುಡುಕಿದ. ಮರ್ಲ್ ಅದನ್ನು ನೋಡಿದ. ನೂಡಲ್ಸ್ ಪಾತ್ರೆಯನ್ನು ಮೇಜಿನ ಮೇಲಿಟ್ಟು ಟೋಪಿ ತೆಗೆದ.

"ತಪ್ಪಾಯ್ತು" ಎಂದ. "ಮಂಚ ಎತ್ಬೇಕು ಅಂದ್ರೆ ಹೇಳು. ನಂಗೆ ಅಭ್ಯಾಸ ಇದೆ."

ಶನಿವಾರ ಮಧ್ಯಾಹ್ನ ವೆರ್ನಾ ನನಗೆ ಫೋನ್ ಮಾಡಿದಳು. "ಟೇಪ್ ತಗೊಂಡು ಬಾ, ಕಾರ್ಡೂ ತಗೊಂಡು ಬಾ. ನನ್ನ ಮನೆ ನಾನೇ ಅಳೆಯೋ ಹಾಗಿಲ್ಲ."

ನಾನು ಹೋಗುವಷ್ಟರಲ್ಲಿ ಅವಳ ಮಂಚದ ಒಂದು ತುದಿ ಮರ್ಲ್‌ನ ಕೈಯಲ್ಲಿತ್ತು, ಇನ್ನೊಂದು ಅವಳ ಕೈಯಲ್ಲಿ. ಹಿತ್ತಾಳೆ ಮೊಳೆ ದಾಟಿಸಿ ಡ್ವೇನನ ಮಂಚಕ್ಕೆ ಒತ್ತಿ ನಿಲ್ಲಿಸಿ, ಮಧ್ಯದ ಕಟಕಟೆ ಕೆಳಗಿಳಿಸಿದರು. ಮರ್ಲ್ ಬೆವರೊರೆಸಿಕೊಂಡು ಹೋದ. ವೆರ್ನಾ ಮಂಚದ ಅಂಚಿನಲ್ಲಿ ಕೂತಳು.

ನಾನು ಕಾರ್ಡು ಹಿಡಿದು ಅಂಗಲಾಚಿದೆ. "ಹಿಂದಿನ ಕೋಣೆ ಅಂತ ಬರೀತೀನಿ ಕಣೇ. ಇಪ್ಪತ್ತೆರಡೇ ತಿಂಗಳು. ಆಮೇಲೆ ಎಲ್ಲಿ ಬೇಕಾದ್ರೂ ಮಲಕ್ಕೊ."

"ಇಪ್ಪತ್ತೆರಡು ತಿಂಗಳು ಇವ್ನಿಗಿದ್ಯೋ ಇಲ್ವೋ. ಮರ್ಲ್‌ನ ಚಪ್ಪಲಿ ನೋಡಿ ಬರೆದವಳು ನಾನು. ನನ್ನ ಚಪ್ಪಲಿ ಎಲ್ಲಿದೆ, ನೀನೇ ನೋಡು."

ಅವಳ ನೀಲಿ ಚಪ್ಪಲಿ ಡ್ವೇನನ ಮಂಚದ ಕೆಳಗಿದ್ದವು. ಇಂದು ಇಟ್ಟದ್ದಲ್ಲ. ಚಾಪೆಯ ಮೇಲೆ ಅವುಗಳ ಗುರುತು ಬಿದ್ದಿತ್ತು.

ಮೊಳೆಯಿಂದ ಟೇಪ್ ಎಳೆದೆ. ಹನ್ನೊಂದು ಅಡಿ. ಕಣ್ಣು ಮಂಜಾಗಿ ಅಂಕಿ ಎರಡು ಸಲ ನೋಡಬೇಕಾಯಿತು. ಓರಿನ್ ಎಂದು ಬರೆದೆ. ಲೆಕ್ಕ ಮಾಡಲು ಪೆನ್ಸಿಲ್ ಎತ್ತುವ ಮೊದಲೇ ಅವಳು ಹೇಳಿದಳು: "ಒಂದೂವರೆ ಲಕ್ಷದ ಮನೆ. ಮೂರು ಸಾವಿರದ ಒಂಬೈನೂರು. ಬರಿ." ಸೋಮವಾರ ಕಚೇರಿಗೆ ವಾಪಸು ಒಪ್ಪಿಸಬೇಕಾದ ಅಳತೆ ಚಕ್ರ ಬಾಗಿಲ ಹಿಂದೆ ಒರಗಿಸಿದ್ದೇನೆ, ತಗೊಂಡು ಹೋಗು ಎಂದಳು.

ತಗೊಂಡೆ. ಅಭ್ಯಾಸಬಲದಿಂದ ನನ್ನನ್ನು ಬಾಗಿಲವರೆಗೆ ಕಳಿಸಲು ಏಳುವುದಕ್ಕೆ ಹೋದಳು. ಅವಳ ಅಂಗಿಯ ತೋಳು ಡ್ವೇನನ ಎಡಗೈಯಲ್ಲಿತ್ತು.

"ಬಂದ್ಯಾ" ಎಂದ ಅವನು.

ಅವಳು ಏಳಲಿಲ್ಲ. ಬಾಗಿಲು ನಾನೇ ಎಳೆದುಕೊಂಡು ಬಂದೆ.